ಎಂಟನೇ ಮಹಡಿಯ ಗೆಲಾಕ್ಸಿ

ಷಡ್ಡಕ ಎಂಬ ಸಂಬಂಧವನ್ನು ಈ ಭೂಮಿಯ ಮೇಲೆ ಮೊದಲು ಹುಟ್ಟುಹಾಕಿದವನು ಯಾರೋ ಗೊತ್ತಿಲ್ಲ. ಗೊತ್ತಿದ್ದರೆ ಶರಣಪ್ಪ ರಜೆ ಹಾಕಿ ಅವನ ಮನೆ ಬಾಗಿಲಿಗೆ ಹೋಗಿ ಜಗಳ ಆಡಿಯೇ ಬರುತ್ತಿದ್ದ. ಹೆಂಡತಿಯ ಅಕ್ಕನನ್ನು ಮದುವೆಯಾದದ್ದು ಬಿಟ್ಟರೆ ಬೇರೆ ಯಾವ ಅರ್ಹತೆಯೂ ಇಲ್ಲದ ಪುರುಷೋತ್ತಮ ಎಂಬ ಮನುಷ್ಯ ಬೆಂಗಳೂರಿನಲ್ಲಿ ಕೂತುಕೊಂಡೇ ಶರಣಪ್ಪನ ತಲೆಯ ಮೇಲೆ ಮೆಣಸು ಅರೆಯುತ್ತಿದ್ದ. ಶರಣಪ್ಪ ಸ್ಕೂಟರ್ ಕೊಂಡ ತಿಂಗಳೇ ಅವನು ಕಾರು ಕೊಂಡ. ಶರಣಪ್ಪ ಹಲ್ಲು ಕಚ್ಚಿಕೊಂಡು ಕಾರು ಕೊಂಡರೆ ಅವನು ಕಾರು ಮಾರಿ ಸೈಕಲ್ ಹತ್ತಿ, ಭೂಮಿತಾಯಿಯ ಉಸಿರಾಟದ ಬಗ್ಗೆ ಮದುವೆಮನೆಗಳಲ್ಲಿ ಭಾಷಣ ಕೊಡತೊಡಗಿದ.

ಆ ಭಾನುವಾರ ಬೆಳಿಗ್ಗೆ ಮನೆಮಂದಿಯ ವಾಟ್ಸಾಪ್ ಗುಂಪಿನಲ್ಲಿ ಪುರುಷೋತ್ತಮನ ಫೋಟೋಗಳು ಬಂದು ಬಿದ್ದವು. ಯಾವುದೋ ಬೆಟ್ಟದ ತುದಿ, ಕಪ್ಪು ಜಾಕೀಟು, ಕೊರಳಲ್ಲಿ ದುರ್ಬೀನು. ಕೆಳಗೆ ಬರಹ: ‘ನಿನ್ನೆ ಆಂಡ್ರೋಮಿಡಾ ಗೆಲಾಕ್ಸಿಯನ್ನು ಕಣ್ಣಾರೆ ಕಂಡೆ. ಇಪ್ಪತ್ತೈದು ಲಕ್ಷ ಬೆಳಕಿನ ವರ್ಷ ದೂರ. ನಾನೆಷ್ಟು ಅಲ್ಪ ಅನಿಸಿತು.’ ಅಲ್ಪ ಅನಿಸಿದ ಮನುಷ್ಯ ತನ್ನವೇ ಹನ್ನೊಂದು ಫೋಟೋ ಹಾಕಿಕೊಳ್ಳುತ್ತಾನೆಯೇ ಎಂಬುದು ಶರಣಪ್ಪನ ಪ್ರಶ್ನೆ. ನ್ಯಾಯವಾದ ಪ್ರಶ್ನೆಯೇ.

“ಭಾವಾರು ಎಷ್ಟ ಚಂದ ಕಾಣಾಕತ್ತಾರ ನೋಡ್ರಿ,” ಎಂದಳು ಹೆಂಡತಿ ಶೋಭಾ, ಬೇಕೆಂದಲ್ಲ, ಬಾಯಿ ತಪ್ಪಿ.

ಲೂಚಿ ಎಂಬ ಬಂಗಾಳಿ ಪೂರಿಯ ತುಂಡು ಶರಣಪ್ಪನ ಗಂಟಲಲ್ಲೇ ನಿಂತಿತು. ಗದಗಿನ ಕಡೆಯವನಾದ ಶರಣಪ್ಪ ಕೇಂದ್ರ ಸರ್ಕಾರದ ಒಂದು ಕಚೇರಿಯಲ್ಲಿ ಅಧಿಕಾರಿ. ವರ್ಗವಾಗಿ ಕೊಲ್ಕತ್ತಾಕ್ಕೆ ಬಂದು, ಲೇಕ್ ಗಾರ್ಡನ್ಸ್‌ನಲ್ಲಿ ಮೂರಂತಸ್ತಿನ ಮನೆಯೊಂದರ ಮೇಲಿನ ಅಂತಸ್ತಿನಲ್ಲಿ ಬಾಡಿಗೆಗಿದ್ದ. ಈ ಊರಿಗೆ ಬಂದಮೇಲೆ ಅವನು ಆಕಾಶದ ಕಡೆ ಕತ್ತೆತ್ತಿದ್ದು ಒಣಹಾಕಿದ ಬಟ್ಟೆ ತೆಗೆಯಬೇಕೇ ಬೇಡವೇ ಎಂದು ತಿಳಿಯಲಿಕ್ಕೆ ಮಾತ್ರ. ಆದರೆ ಸಿಟ್ಟು ಆಗಲೇ ಬೆರಳಿಗೆ ಇಳಿದಿತ್ತು. ‘ಅದರಾಗೇನೈತಿ? ನಾನು ವಾರಕ್ಕ ಎರಡು ಸಲ ನೋಡ್ತೇನಿ, ನಮ್ಮ ಮಾಳಿಗಿ ಮ್ಯಾಲಿಂದನ’ ಎಂದು ಒತ್ತಿ ಕಳಿಸಿಯೇಬಿಟ್ಟ.

ಕ್ಷಣದಲ್ಲಿ ಉತ್ತರ ಬಂತು: ‘ಕೊಲ್ಕತ್ತಾದಿಂದಲೇ? ಆ ಊರಿನ ಬೆಳಕಿನಲ್ಲಿ ಚಂದ್ರ ಕಂಡರೆ ಪುಣ್ಯ. ನೀವು ನೋಡಿದ್ದು ಬೀದಿ ದೀಪ, ಶರಣಪ್ಪ.’ ಬೆನ್ನಿಗೇ ನೆಂಟರ ನಗುವ ಮುಖಗಳು ಸಾಲುಗಟ್ಟಿ ಬಂದವು. ಫೋನಿನಲ್ಲಿ ಹಲೋ ಅನ್ನುವುದು ಬಿಟ್ಟರೆ ಬೇರೇನೂ ಬಾರದ ಅತ್ತೆ ತುಂಗಮ್ಮ ಕೂಡ ನಕ್ಕು ನಕ್ಕು ಕಣ್ಣೀರು ಸುರಿಸುವ ಮುಖವೊಂದನ್ನು ಎಲ್ಲಿಂದಲೋ ಹುಡುಕಿ ಹಾಕಿದಳು.

“ನಿಮ್ಮವ್ವಗ ಇದನ್ನ ಒತ್ತಾಕ ಯಾರ ಕಲಿಸಿದ್ರು?” ಎಂದು ಶರಣಪ್ಪ ಗುಡುಗಿದ.

“ನನಗೇನ್ ಗೊತ್ತರೀ? ಭಾವಾರ ಕಲಿಸಿರಬೇಕು.”

ಅದೇ ಮಧ್ಯಾಹ್ನ ಶರಣಪ್ಪ ಧರ್ಮತಲಾದ ಒಂದು ಹಳೆಯ ಅಂಗಡಿಯಲ್ಲಿ ನಿಂತು ದುರ್ಬೀನು ಕೇಳಿದ. ಅಂಗಡಿಯವನು ಕನ್ನಡಕದ ಮೇಲಿಂದ ನೋಡಿ, “ಹಕ್ಕಿಗೋ, ಕುದುರೆಗೋ?” ಎಂದ. ರೇಸಿಗೆ ಹೋಗುವವರು, ಹಕ್ಕಿ ನೋಡುವವರು ಬಿಟ್ಟರೆ ಆ ಅಂಗಡಿಗೆ ಮೂರನೆಯ ಜಾತಿಯ ಗಿರಾಕಿ ಬಂದಿರಲಿಲ್ಲ. “ಗೆಲಾಕ್ಸಿಗೆ,” ಎಂದ ಶರಣಪ್ಪ. ಅಂಗಡಿಯವನು ಮರುಮಾತಿಲ್ಲದೆ ಅಂಗಡಿಯಲ್ಲೇ ಭಾರವಾದದ್ದನ್ನು ತೆಗೆದುಕೊಟ್ಟ.

ಆಂಡ್ರೋಮಿಡಾವನ್ನು ಹುಡುಕುವುದು ಹೇಗೆಂದು ಶರಣಪ್ಪ ಫೋನಿನಲ್ಲಿ ವಿಡಿಯೋ ನೋಡಿ ಕಲಿತ. ಉತ್ತರಾಭಾದ್ರಾ ನಕ್ಷತ್ರ ಹಿಡಿಯಬೇಕು, ಅಲ್ಲಿಂದ ಎರಡು ಚುಕ್ಕೆ ದಾಟಬೇಕು, ಆಮೇಲೆ ಎಡಕ್ಕೆ ಹೊರಳಬೇಕು. ಅಲ್ಲಿ ಒಂದು ಮಸುಕು ಬೆಳಕಿನ ಕಲೆ ಇರುತ್ತದೆ, ಅಷ್ಟೇ. ಆದರೆ ಮುಖ್ಯವಾದ ಮಾತೊಂದು ಆ ವಿಡಿಯೋದ ಕೊನೆಗೆ ಇತ್ತು: ಅಂಥ ಮಸುಕು ವಸ್ತುವನ್ನು ನೇರವಾಗಿ ನೋಡಿದರೆ ಕಾಣುವುದಿಲ್ಲ. ಕಣ್ಣಿನ ನಡುಭಾಗ ಕತ್ತಲಲ್ಲಿ ಮಂದ, ಅಂಚು ಚುರುಕು. ಆದ್ದರಿಂದ ದೃಷ್ಟಿಯನ್ನು ಸ್ವಲ್ಪ ಪಕ್ಕಕ್ಕಿಟ್ಟು, ಮನಸ್ಸನ್ನು ಮಾತ್ರ ವಸ್ತುವಿನ ಮೇಲಿಡಬೇಕು. ಇದು ಶುದ್ಧ ವಿಜ್ಞಾನ; ಮುಂದೆ ಆದ ಅನಾಹುತಕ್ಕೆ ವಿಜ್ಞಾನ ಹೊಣೆಯಲ್ಲ.

ಹೊಣೆ ಯಾರದೆಂದರೆ ಎದುರಿನ ಕಟ್ಟಡದ್ದು. ದುರ್ಗಾಪೂಜೆ ಹತ್ತಿರ ಬಂದಿದ್ದ ಆ ದಿನಗಳಲ್ಲಿ ಸಂಜೆ ಏಳರ ಹೊತ್ತಿಗೆ ಆಂಡ್ರೋಮಿಡಾ ಈಶಾನ್ಯದಲ್ಲಿ, ಎದುರಿನ ಎಂಟು ಮಹಡಿಯ ಅಪಾರ್ಟ್‌ಮೆಂಟಿನ ನೆತ್ತಿಗೆ ಸರಿಯಾಗಿ ಬಂದು ನಿಲ್ಲುತ್ತಿತ್ತು. ಶರಣಪ್ಪ ಶಾಸ್ತ್ರಪ್ರಕಾರ ದೃಷ್ಟಿಯನ್ನು ಸ್ವಲ್ಪ ಕೆಳಗಿಡುತ್ತಿದ್ದ. ಆ ಸ್ವಲ್ಪ ಕೆಳಗೆ ಎಂಟನೇ ಮಹಡಿಯ ಭಾದುರಿ ಬಾಬು ಅವರ ಅಡುಗೆಮನೆಯ ಕಿಟಕಿ ಇತ್ತು.

ಸಂಜೆ ಸಂಜೆ ಹುಡುಕಿದರೂ ಗೆಲಾಕ್ಸಿ ಸಿಗಲಿಲ್ಲ. ಮೊದಲನೆಯ ಅಪರಾಧಿ ನವಿಲು. ಪಾಡಾದ ಕ್ಲಬ್ಬಿನವರು, ಅಂದರೆ ಓಣಿಯ ಪೂಜೆ ನಡೆಸುವ ಹುಡುಗ-ಮುದುಕರೆಲ್ಲ ಸೇರಿ, ರಸ್ತೆಯ ತಿರುವಿನಲ್ಲಿ ಎರಡಂತಸ್ತು ಎತ್ತರದ ವಿದ್ಯುತ್ ದೀಪದ ನವಿಲೊಂದನ್ನು ನಿಲ್ಲಿಸಿದ್ದರು. ಅದು ನಿಮಿಷಕ್ಕೆ ಎರಡು ಸಲ ಗರಿ ಬಿಚ್ಚುತ್ತಿತ್ತು. ಬಿಚ್ಚಿದಾಗಲೆಲ್ಲ ಶರಣಪ್ಪನ ಮಾಳಿಗೆ ಹಸಿರಾಗಿ, ನೀಲಿಯಾಗಿ, ಕೊನೆಗೆ ಕೆಂಪಾಗುತ್ತಿತ್ತು. ಶರಣಪ್ಪ ಕೆಳಗಿಳಿದು ಕ್ಲಬ್ಬಿನ ಕಾರ್ಯದರ್ಶಿ ಖೋಕನ್‌ದಾ ಅವರ ಮುಂದೆ ನಿಂತ. ಖೋಕನ್‌ದಾ ಅರವತ್ತರ ಮನುಷ್ಯ, ಓಣಿಗೆಲ್ಲ ‘ದಾದಾ’ ಅಂದರೆ ಅಣ್ಣ, ಓಣಿಯ ಆಗುಹೋಗುಗಳಿಗೆಲ್ಲ ತಾನೇ ಜವಾಬ್ದಾರನೆಂದು ನಂಬಿದವರು.

“ನಿಮ್ಮ ನವಿಲ ಬಾಲ ಬಿಚ್ಚಿದಾಗೆಲ್ಲ ನನ್ನ ನಕ್ಷತ್ರ ಮುಚ್ಚತೈತಿ,” ಎಂದ ಶರಣಪ್ಪ, ಗದಗಿನ ಹಿಂದಿಯಲ್ಲಿ. “ಏಳರಿಂದ ಎಂಟರ ತನಕ ಆರಿಸಿ ಇಡ್ರಿ.”

ಖೋಕನ್‌ದಾ ಚಹಾದ ಮಣ್ಣಿನ ಲೋಟವನ್ನು ಮೆಲ್ಲಗೆ ಕೆಳಗಿಟ್ಟರು. “ಪೂಜೆಯ ದೀಪ ಆರಿಸಬೇಕೇ?” ಎಂದು ಕ್ಲಬ್ಬಿನ ಕಡೆ ತಿರುಗಿ ಕೂಗಿದರು. “ಕೇಳಿದಿರಾ? ದೀಪ ಆರಿಸಬೇಕಂತೆ! ಬರಗಾಲ ಬಂದಾಗ ಆರಿಸಲಿಲ್ಲ, ಪ್ರವಾಹ ಬಂದಾಗ ಆರಿಸಲಿಲ್ಲ, ಈಗ ಈ ಬಾಬು ಮಾಳಿಗೆ ಹತ್ತಿ ಏನೋ ನೋಡಬೇಕಂತೆ, ಆರಿಸಬೇಕಂತೆ!”

“ನಿಮ್ಮ ನವಿಲಿಗೆ ಕೊರಳು ಸೊಟ್ಟ ಐತಿ, ಅದನ್ನರ ನೆಟ್ಟಗ ಮಾಡ್ರಿ,” ಎಂದುಬಿಟ್ಟ ಶರಣಪ್ಪ. ಹಾಗನ್ನಬಾರದಿತ್ತು. ನವಿಲಿನ ಕೊರಳಿನ ನಕ್ಷೆ ಬಿಡಿಸಿದವರು ಖೋಕನ್‌ದಾ ಅವರೇ. ಆ ದಿನದಿಂದ ಕ್ಲಬ್ಬಿನ ಎದುರಿನಿಂದ ಶರಣಪ್ಪ ಹಾದುಹೋದರೆ ಕೇರಂ ಆಟ ನಿಂತು ಎಲ್ಲರೂ ಅವನನ್ನೇ ನೋಡತೊಡಗಿದರು.

ಇತ್ತ ಎಂಟನೇ ಮಹಡಿಯಲ್ಲಿ ಬೇರೆಯೇ ಸಂಕಟ ನಡೆದಿತ್ತು. ಭಾದುರಿ ಬಾಬು ನಿವೃತ್ತ ಪ್ರೊಫೆಸರು. ಸಕ್ಕರೆ ಕಾಯಿಲೆಯವರು. ಡಾಕ್ಟರೂ ಹೆಂಡತಿಯೂ ಸೇರಿ ಅವರಿಗೆ ಸಿಹಿಯ ಮೇಲೆ ಸಂಪೂರ್ಣ ನಿಷೇಧ ಹಾಕಿದ್ದರು. ಏಳು ಗಂಟೆಗೆ ಹೆಂಡತಿ ಧಾರಾವಾಹಿಯ ಮುಂದೆ ಕೂತರೆ ಅರ್ಧ ಗಂಟೆ ಏಳುವವರಲ್ಲ. ಆ ಅರ್ಧ ಗಂಟೆಯಲ್ಲಿ ಪ್ರೊಫೆಸರು ಅಡುಗೆಮನೆಗೆ ನುಸುಳಿ, ಅಕ್ಕಿ ಡಬ್ಬದ ಹಿಂದೆ ಬಚ್ಚಿಟ್ಟ ಸಂದೇಶ್ ಎಂಬ ದುಂಡನೆಯ ಬಿಳಿ ಸಿಹಿ ತೆಗೆದು, ಕಿಟಕಿಯ ಬೆಳಕಿಗೆ ನಿಂತು, ಕಣ್ಣು ಮುಚ್ಚಿ ತಿನ್ನುತ್ತಿದ್ದರು. ಒಂದು ಸಂಜೆ ಕಣ್ಣು ತೆರೆದಾಗ ಕೆಳಗಿನ ಮಾಳಿಗೆಯಿಂದ ಎರಡು ಕಪ್ಪು ನಳಿಗೆಗಳು ತನ್ನ ಕಡೆಗೇ ತಿರುಗಿದ್ದು ಕಂಡು ಸಂದೇಶ್ ನೆತ್ತಿಗೇರಿತು.

ಮರುದಿನ ಬೆಳಿಗ್ಗೆ ಮೀನಿನ ಮಾರ್ಕೆಟಿನ ಹೊರಗೆ, ಕಾಯಿಪಲ್ಲೆ ಚೀಲ ಹಿಡಿದು ನಿಂತಿದ್ದ ಶರಣಪ್ಪನ ತೋಳನ್ನು ಭಾದುರಿ ಬಾಬು ಹಿಡಿದುಕೊಂಡರು. ಮುಖ ಬಿಳಿಚಿತ್ತು.

“ಶರಣ್ ಬಾಬು, ದಿನಾ ಸಂಜೆ ದುರ್ಬೀನು ಹಿಡಿದು ನಿಲ್ತೀರಲ್ಲ. ನಿಜ ಹೇಳಿ, ಕಂಡಿತೇ?”

ಗೆಲಾಕ್ಸಿ ಇನ್ನೂ ಕಾಣದ ನೋವು ಶರಣಪ್ಪನಿಗೆ ಕೆಂಡದಂತಿತ್ತು. ಇವನೂ ಷಡ್ಡಕನ ಹಾಗೆ ಅಣಕಿಸುತ್ತಿದ್ದಾನೆ ಎಂದುಕೊಂಡ. “ಇನ್ನೂ ಕಂಡಿಲ್ಲ. ಆದ್ರ ಐತಿ ಅನ್ನೂದು ಗೊತ್ತೈತಿ!”

“ಏನಿದೆ ಅಂತ ಗೊತ್ತಿದೆ?”

“ಬೆಳ್ಳಗ. ದುಂಡಗ. ನಡುವ ದಪ್ಪ, ಅಂಚಿಗೆ ಮೆತ್ತಗ. ಇವತ್ತಿಲ್ಲ ನಾಳೆ ಕಂಡೇ ಕಾಣತೈತಿ. ಕಂಡ ದಿವಸ ಇಡೀ ಓಣಿಗೆ ಕರದ ತೋರಸ್ತೇನಿ. ಫೋಟೋ ತಗದು ಊರಿಗೆಲ್ಲ ಕಳಸ್ತೇನಿ!”

ಭಾದುರಿ ಬಾಬು ಗೋಡೆಗೆ ಒರಗಿದರು. ಅಷ್ಟು ಕರಾರುವಾಕ್ಕಾಗಿ ಸಂದೇಶ್ ವರ್ಣಿಸಿದವರನ್ನು ಅವರು ಜೀವಮಾನದಲ್ಲಿ ಕಂಡಿರಲಿಲ್ಲ. ಮನೆಗೆ ಹೋದವರೇ, ಅಡುಗೆಮನೆಗೆ ಪರದೆ ಹಾಕಬೇಕು ಎಂದರು. ಯಾಕೆ ಎಂದು ಕೇಳಿದ ಹೆಂಡತಿಗೆ, ಎದುರಿನ ಮದರಾಸಿ ನಮ್ಮ ಮನೆಯೊಳಗೆ ಇಣುಕುತ್ತಿದ್ದಾನೆ ಎಂದರು. ಸಂದೇಶ್ ವಿಷಯ ಮಾತ್ರ ಎತ್ತಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಭಾದುರಿ ಬೌದಿ, ಅಂದರೆ ಓಣಿಯವರೆಲ್ಲ ಅತ್ತಿಗೆ ಎಂದು ಕರೆಯುವ ಆ ಹೆಂಗಸು, ಅರವತ್ತೆರಡನೆಯ ವಯಸ್ಸಿನಲ್ಲಿ ತನ್ನನ್ನು ಒಬ್ಬ ದುರ್ಬೀನು ಹಿಡಿದು ನೋಡುತ್ತಿದ್ದಾನೆ ಎಂದು ಕ್ಲಬ್ಬಿಗೆ ದೂರು ಕೊಟ್ಟಿದ್ದರು. ಖೋಕನ್‌ದಾ ಇಂಥದ್ದಕ್ಕೇ ಕಾದಿದ್ದರು.

ಸಂಜೆ ಶರಣಪ್ಪನ ಬಾಗಿಲಲ್ಲಿ ಕ್ಲಬ್ಬಿಗೆ ಕ್ಲಬ್ಬೇ ನಿಂತಿತ್ತು. ಮುಂದುಗಡೆ ಠಾಣೆಯ ಸಬ್ ಇನ್‌ಸ್ಪೆಕ್ಟರ್ ಹಾಲ್ದಾರ್. ಅವರು ಒಳಗೆ ಬಂದು ಕುರ್ಚಿಯಲ್ಲಿ ಕೂತು, ಟೋಪಿ ಮಡಿಲಲ್ಲಿಟ್ಟುಕೊಂಡು ಕೇಳಿದರು.

“ಏನು ನೋಡ್ತಿದ್ದಿರಿ?”

“ಗೆಲಾಕ್ಸಿ.”

“ಎಲ್ಲಿರುತ್ತೆ?”

“ಎದುರಿನ ಕಟ್ಟಡದ ನೆತ್ತಿ ಮ್ಯಾಲೆ.”

“ನಿಮ್ಮ ದೃಷ್ಟಿ ಎಲ್ಲಿತ್ತು?”

“ಸ್ವಲ್ಪ ಕೆಳಗ.”

“ಕೆಳಗೆ ಏನಿದೆ?”

ಶರಣಪ್ಪ ಸುಳ್ಳು ಹೇಳುವವನಲ್ಲ, ವಾಟ್ಸಾಪಿನಲ್ಲಿ ಬಿಟ್ಟು. “ಭಾದುರಿ ಬಾಬು ಅವರ ಅಡಿಗಿಮನಿ ಕಿಟಕಿ.”

ಗುಂಪಿನಲ್ಲಿ ಗುಜುಗುಜು ಎದ್ದಿತು. ಹಾಲ್ದಾರ್ ಕೈಯೆತ್ತಿ ಸುಮ್ಮನಾಗಿಸಿದರು. “ಅಂದರೆ ಅಡುಗೆಮನೆ ನೋಡ್ತಿದ್ದಿರಿ.”

“ಅಲ್ಲರೀ! ಕಣ್ಣು ಅಡಿಗಿಮನಿ ಮ್ಯಾಲಿತ್ತು, ನೋಡ್ತಿದ್ದದ್ದು ಗೆಲಾಕ್ಸಿ. ಮಸುಕು ವಸ್ತು ಕಾಣಬೇಕಂದ್ರ ಅದನ್ನ ನೋಡಬಾರದು. ಬ್ಯಾರೆ ಕಡೆ ನೋಡಬೇಕು.”

ಹಾಲ್ದಾರ್ ಸ್ವಲ್ಪ ಹೊತ್ತು ಕಣ್ಣು ಮುಚ್ಚಿದರು. “ಕಣ್ಣು ಎಲ್ಲಿತ್ತೋ ಅದನ್ನು ನೋಡಲಿಲ್ಲ. ಎಲ್ಲಿ ಇರಲಿಲ್ಲವೋ ಅದನ್ನು ನೋಡಿದಿರಿ.”

“ಕರೆಕ್ಟ್!” ಎಂದು ಶರಣಪ್ಪ ಹಿಗ್ಗಿದ. ಇಡೀ ಊರಿನಲ್ಲಿ ತನ್ನನ್ನು ಅರ್ಥ ಮಾಡಿಕೊಂಡವನು ಒಬ್ಬನಾದರೂ ಸಿಕ್ಕಿದನಲ್ಲ.

“ಸಾಹೇಬರೇ, ನನ್ನ ಸರ್ವೀಸಿನಲ್ಲಿ ಸಾವಿರ ಕಳ್ಳರು ಸಾವಿರ ನೆಪ ಹೇಳಿದ್ದಾರೆ. ಇಂಥದ್ದನ್ನು ಯಾರೂ ಹೇಳಿರಲಿಲ್ಲ.”

ಶರಣಪ್ಪನ ಸಿಟ್ಟು ಕುತ್ತಿಗೆಯ ತನಕ ಬಂದು ನಿಂತಿತು. ಆದರೆ ಖಾಕಿ ಕಂಡ ಸರ್ಕಾರಿ ನೌಕರನ ಸಿಟ್ಟು ಅಲ್ಲಿಂದ ಮೇಲೆ ಬರುವುದಿಲ್ಲ. ಹಾಲ್ದಾರ್ ಎದ್ದು ನಿಂತು ತೀರ್ಪು ಕೊಟ್ಟರು: ನಾಳೆ ಏಳು ಗಂಟೆಗೆ ಎಲ್ಲರೂ ಮಾಳಿಗೆ ಮೇಲೆ ಸೇರಬೇಕು. ಕ್ಲಬ್ಬಿನವರು ಹತ್ತು ನಿಮಿಷ ದೀಪ ಆರಿಸಬೇಕು. ಗೆಲಾಕ್ಸಿ ಕಂಡರೆ ಸಾಹೇಬರು ಸಭ್ಯಸ್ಥರು, ಚಹಾ ಕುಡಿದು ಹೋಗುವುದು. ಕಾಣದಿದ್ದರೆ ಎಫ್‌ಐಆರ್.

ಎಫ್‌ಐಆರ್ ಎಂದರೇನೆಂದು ಶರಣಪ್ಪನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಹೆಂಗಸಿನ ಕಿಟಕಿಗೆ ಇಣುಕಿದ ಎಂಬ ಎಫ್‌ಐಆರ್ ಆದರೆ ಕಚೇರಿಯಲ್ಲಿ ಸಸ್ಪೆನ್ಷನ್ ಖಂಡಿತ. ಆಮೇಲೆ ಗದಗಿನ ತನಕ ಸುದ್ದಿ. ಆಮೇಲೆ ತುಂಗಮ್ಮನ ಇನ್ನೊಂದು ನಗುವ ಮುಖ. ಎಲ್ಲಕ್ಕಿಂತ ಕೆಟ್ಟ ವಿಷಯವೆಂದರೆ, ನಾಳೆ ತೋರಿಸಬೇಕಾದ ಆ ಗೆಲಾಕ್ಸಿಯನ್ನು ಅವನೇ ಇನ್ನೂ ಒಂದು ಸಲವೂ ನೋಡಿರಲಿಲ್ಲ.

“ಭಾವಾರಿಗೆ ಒಂದ ಫೋನ್ ಮಾಡಿ ಹೆಂಗ ನೋಡೂದಂತ ಕೇಳರೀ,” ಎಂದಳು ಶೋಭಾ, ಅಳುವ ದನಿಯಲ್ಲಿ.

“ಜೈಲಿಗೆ ಹೋಗ್ತೇನಿ, ಅವಗ ಫೋನ್ ಮಾಡೂದಿಲ್ಲ!”

“ಅಪ್ಪಾ, ಪ್ಲೀಸ್,” ಎಂದಳು ಹತ್ತನೆಯ ತರಗತಿಯ ಮಗಳು ಇಂಚರ, ಕಿವಿಯಿಂದ ಇಯರ್‌ಫೋನ್ ತೆಗೆಯದೆ. “ಸ್ಕೂಲ್ ಗ್ರೂಪಲ್ಲಿ ಸಬ್ ಲೋಗ್ ಕೇಳ್ತಿದಾರೆ, ಈಸ್ ದಟ್ ಯುವರ್ ಫಾದರ್ ಅಂತ. ನಾನು ನೋ ಅಂದೆ.”

ಮರುದಿನ ಸಂಜೆ ಮೋಡ. ಹಗಲೆಲ್ಲ ಸ್ವಚ್ಛವಾಗಿದ್ದ ಆಕಾಶ ಐದು ಗಂಟೆಗೆ ಶರಣಪ್ಪನ ಮೇಲೆ ಹಗೆ ಸಾಧಿಸುವಂತೆ ಬೂದಿಬಣ್ಣ ಬಳಿದುಕೊಂಡಿತು. ಏಳಕ್ಕೆ ಮಾಳಿಗೆಯಲ್ಲಿ ಕಾಲಿಡಲು ಜಾಗವಿಲ್ಲ. ಖೋಕನ್‌ದಾ ಮತ್ತು ಕ್ಲಬ್ಬು, ಹಾಲ್ದಾರ್ ಮತ್ತು ಒಬ್ಬ ಕಾನ್‌ಸ್ಟೇಬಲ್, ರೇಷ್ಮೆ ಸೀರೆ ಉಟ್ಟ ಭಾದುರಿ ಬೌದಿ, ಅವರ ಹಿಂದೆ ಬೆವರುತ್ತಿದ್ದ ಪ್ರೊಫೆಸರು. ಯಾರೋ ಝಾಲ್‌ಮುಡಿ ಎಂಬ ಖಾರದ ಮಂಡಕ್ಕಿ ಮಾರುವವನನ್ನೂ ಮೇಲೆ ಕರೆತಂದಿದ್ದರು.

ನವಿಲು ಆರಿತು. ಶರಣಪ್ಪ ದುರ್ಬೀನು ಎತ್ತಿ ಕಟ್ಟಡದ ನೆತ್ತಿಗೆ ಹಿಡಿದ. ಉತ್ತರಾಭಾದ್ರಾ ಇಲ್ಲ. ಎರಡು ಚುಕ್ಕೆ ಇಲ್ಲ. ಮೋಡದ ಹೊಟ್ಟೆ ಬಿಟ್ಟು ಬೇರೇನೂ ಇಲ್ಲ.

“ಕೊಡಿ, ಮೊದಲು ನಾನು,” ಎಂದು ಖೋಕನ್‌ದಾ ದುರ್ಬೀನು ಕಸಿದುಕೊಂಡರು. ಕಣ್ಣಿಗೆ ಹಚ್ಚಿ ಬಹಳ ಹೊತ್ತು ನಿಂತರು. ಏನೂ ಕಾಣಲಿಲ್ಲ ಎನ್ನಲು ಬಾಯಿ ತೆರೆದಿದ್ದರೇನೋ, ಅಷ್ಟರಲ್ಲಿ ಭಾದುರಿ ಬೌದಿ, “ನಿಮ್ಮಂಥ ಕಲಾವಿದರ ಕಣ್ಣಿಗೆ ಕಾಣದೇ ಇರುತ್ತದೆಯೇ?” ಎಂದರು. ಖೋಕನ್‌ದಾ ಎದೆ ಸೆಟೆಸಿದರು.

“ಆಹಾ! ಅಪೂರ್ಬೊ!” ಎಂದರು. “ಏನು ಬಣ್ಣ! ನೀಲಿ, ಸುತ್ತ ಕೇಸರಿ!”

ಶರಣಪ್ಪ ಬೆಚ್ಚಿದ. ದುರ್ಬೀನಿನಲ್ಲಿ ಅದಕ್ಕೆ ಬಣ್ಣವೇ ಇರುವುದಿಲ್ಲ. ಅಷ್ಟರಲ್ಲಿ ಹಾಲ್ದಾರ್ ಸರದಿ. ಕಾರ್ಯದರ್ಶಿಗೆ ಕಂಡದ್ದು ಪೊಲೀಸರಿಗೆ ಕಾಣಲಿಲ್ಲವೆಂದರೆ ಇಲಾಖೆಯ ಮರ್ಯಾದೆ ಏನಾದೀತು? “ಇದೆ,” ಎಂದರು ಹಾಲ್ದಾರ್, ಖಡಾಖಂಡಿತವಾಗಿ. “ಎರಡಿವೆ.” ಕಾನ್‌ಸ್ಟೇಬಲ್ ನೋಡಿ, ಸಾಹೇಬರು ಹೇಳಿದಂತೆ ಎರಡೇ ಇವೆ, ಒಂದು ಸ್ವಲ್ಪ ಸಣ್ಣದು ಎಂದ. ಕ್ಲಬ್ಬಿನ ಒಬ್ಬನಿಗೆ ಅದು ಗಿರಗಿರ ತಿರುಗುವುದು ಕಂಡಿತು. ಇನ್ನೊಬ್ಬನಿಗೆ ಕೆಂಪಗೆ ಮಿಣುಕುತ್ತ ದಮ್‌ದಮ್ ಕಡೆ ಇಳಿಯುವುದು ಕಂಡಿತು. ಅದು ಅಲ್ಲಿನ ನಿಲ್ದಾಣಕ್ಕೆ ಇಳಿಯುವ ವಿಮಾನ ಎಂದು ಹೇಳಲು ಶರಣಪ್ಪನ ನಾಲಿಗೆ ತುರಿಸಿತು. ಶೋಭಾ ಹಿಂದಿನಿಂದ ಅವನ ಅಂಗಿ ಹಿಡಿದು ಜಗ್ಗಿದಳು. “ಸುಮ್ನಿರ್ರಿ. ಎಲ್ಲಾರಿಗೂ ಕಾಣಾಕತ್ತೈತಿ, ದೇವರ ದೊಡ್ಡಾಂವ.”

ಕೊನೆಗೆ ಭಾದುರಿ ಬಾಬು. ಅವರು ದುರ್ಬೀನು ಇಳಿಸಿ, ಗಂಟಲು ಸರಿಮಾಡಿಕೊಂಡು, ಕಾಲೇಜಿನ ದನಿಯಲ್ಲಿ ಶುರುಮಾಡಿದರು: “ಅತ್ಯಂತ ಸ್ಪಷ್ಟ. ಮೂರು ಸುರುಳಿ ತೋಳುಗಳು. ಶರಣ್ ಬಾಬು, ನಿಮ್ಮ ಯಂತ್ರ ಸಾಧಾರಣದ್ದು, ಸ್ವಲ್ಪ ಮಂಕಾಗಿ ತೋರಿಸುತ್ತೆ. ಚಿಕ್ಕಂದಿನಲ್ಲಿ ನಮ್ಮ ಕೃಷ್ಣನಗರದಲ್ಲಿ ಇದನ್ನು ಬರಿಗಣ್ಣಲ್ಲೇ ನೋಡಿ ಲೆಕ್ಕ ಮಾಡ್ತಿದ್ದೆವು, ತೋಳುಗಳನ್ನು.”

ಶರಣಪ್ಪನೊಳಗೆ ಏನೋ ಹರಿಯಿತು. ದಿನಾ ಸಂಜೆ ಸೊಳ್ಳೆ ಕಚ್ಚಿಸಿಕೊಂಡು, ಕತ್ತು ನೋಯಿಸಿಕೊಂಡು ಹುಡುಕಿದವನು ತಾನು. ಇವರು ಮೋಡ ನೋಡಿ ಸುರುಳಿ ಎಣಿಸುತ್ತಿದ್ದಾರೆ!

“ಸುಳ್ಳು!” ಎಂದು ಕಿರುಚಿದ. “ಎಲ್ಲಾರೂ ಸುಳ್ಳು ಹೇಳಾಕತ್ತೀರಿ! ಅಲ್ಲಿ ಏನೂ ಇಲ್ಲ! ಮೋಡ ಐತಿ! ಬರೇ ಮೋಡ! ಕಣ್ಣಿಲ್ಲೇನ್ ನಿಮಗ?”

ಝಾಲ್‌ಮುಡಿ ಅಲ್ಲಾಡಿಸುವ ಸದ್ದು ನಿಂತಿತು. ಶೋಭಾ ಹಣೆ ಹಿಡಿದುಕೊಂಡಳು.

“ಏನೂ ಇಲ್ಲವೇ?” ಎಂದರು ಹಾಲ್ದಾರ್, ನಿಧಾನವಾಗಿ. “ಹಾಗಾದರೆ ಇಷ್ಟು ದಿನ ಏನು ನೋಡ್ತಿದ್ದಿರಿ?”

“ಅದೇ ನಾನೂ ಕೇಳ್ತೀನಿ,” ಎಂದು ಭಾದುರಿ ಬೌದಿ ಮುಂದೆ ಬಂದರು. ಅಷ್ಟರಲ್ಲಿ ಅವರಿಗೇ ಏನೋ ಹೊಳೆದಂತೆ ನಿಂತರು. “ಅಲ್ಲಾ, ಏಳು ಗಂಟೆಗೆ ನಾನು ಅಡುಗೆಮನೆಯಲ್ಲೇ ಇರಲ್ವಲ್ಲ. ನನ್ನ ಧಾರಾವಾಹಿ ಏಳಕ್ಕೆ. ಆಗ ಅಡುಗೆಮನೆಯಲ್ಲಿ ನೋಡೋಕೆ ಯಾರಿರ್ತಾರೆ?” ಎಂದು ಗಂಡನ ಕಡೆ ತಿರುಗಿದರು.

ಪ್ರೊಫೆಸರ ಮುಖದಲ್ಲಿ ರಕ್ತವೇ ಇರಲಿಲ್ಲ. ಮರುಕ್ಷಣ ಅವರು ಶರಣಪ್ಪನ ಮೇಲೆ ಎಗರಿ ಬಿದ್ದರು. “ಗೆಲಾಕ್ಸಿ ಇದೆ!” ಎಂದು ಅಬ್ಬರಿಸಿದರು. “ನಾನು ನೋಡಿದ್ದೀನಿ! ನಲವತ್ತು ವರ್ಷ ಪಾಠ ಮಾಡಿದವನು ನಾನು, ನನ್ನನ್ನು ಸುಳ್ಳುಗಾರ ಅಂತೀರಾ? ಈ ಮನುಷ್ಯ ಪ್ರತಿದಿನ ಗೆಲಾಕ್ಸಿಯನ್ನೇ ನೋಡ್ತಿದ್ದ, ಗೆಲಾಕ್ಸಿ ಬಿಟ್ಟು ಬೇರೆ ಏನನ್ನೂ ನೋಡಿಲ್ಲ!”

“ಇಲಾಖೆಯವರೂ ನೋಡಿದ್ದಾರೆ,” ಎಂದ ಕಾನ್‌ಸ್ಟೇಬಲ್.

“ಕಲಾವಿದನ ಕಣ್ಣಿಗೆ ಮೋಸ ಆಗಲ್ಲ,” ಎಂದರು ಖೋಕನ್‌ದಾ, ಬಿಸಿಯಾಗಿ. “ನವಿಲಿನ ಕೊರಳು ಸೊಟ್ಟ ಅಂದವನಿಗೆ ಇದೆಲ್ಲಿ ಕಾಣಬೇಕು?”

ದೂರು ಕೊಟ್ಟವರೆಲ್ಲ ಈಗ ಆರೋಪಿಯ ಪರವಾಗಿ ಆರೋಪಿಯ ಮೇಲೆಯೇ ಮುಗಿಬಿದ್ದಿದ್ದರು. ಹತ್ತು ಕೈಗಳು ಸೇರಿ ದುರ್ಬೀನನ್ನು ಶರಣಪ್ಪನ ಕಣ್ಣಿಗೆ ಒತ್ತಿದವು. “ನೇರ ನೋಡಬೇಡಿ,” ಎಂದು ಭಾದುರಿ ಬಾಬು ಅವನ ಕಿವಿಯಲ್ಲಿ ಹೇಳಿಕೊಟ್ಟರು, “ಸ್ವಲ್ಪ ಪಕ್ಕಕ್ಕೆ ನೋಡಿ. ಆದರೆ ಕೆಳಕ್ಕೆ ಬೇಡ.”

ಹಾಲ್ದಾರ್ ಗಡಿಯಾರ ನೋಡಿಕೊಂಡರು. “ಸಾಹೇಬರೇ, ಒಂದೇ ಮಾತು. ಕಂಡಿತು ಅಂದರೆ ಚಹಾ. ಕಾಣಲಿಲ್ಲ ಅಂದರೆ ಠಾಣೆ. ಕಂಡಿತೋ ಇಲ್ಲವೋ?”

ಕಣ್ಣ ಮುಂದೆ ಮೋಡ. ಬೆನ್ನ ಹಿಂದೆ ಶೋಭಾಳ ಬಿಕ್ಕು. ಮಾಳಿಗೆಯ ಬಾಗಿಲಲ್ಲಿ ಇಂಚರ, ಈಗ ಇಯರ್‌ಫೋನ್ ಇಲ್ಲದೆ, ಉಗುರು ಕಚ್ಚುತ್ತ ನಿಂತಿದ್ದಳು. ನಿಜ ಹೇಳಿದ್ದಕ್ಕೆ ತಾನು ಜೈಲಿಗೆ ಹೋಗಬೇಕು, ಸುಳ್ಳು ಹೇಳಿದರೆ ಸಭ್ಯಸ್ಥ ಅನಿಸಿಕೊಳ್ಳಬೇಕು. ಶರಣಪ್ಪನಿಗೆ ಸಿಟ್ಟಿನಿಂದ ಕಣ್ಣಲ್ಲಿ ನೀರೇ ಬಂತು.

“ಕಂಡಿತು,” ಎಂದ, ಹಲ್ಲುಗಳ ನಡುವಿನಿಂದ.

ಮಾಳಿಗೆಯ ತುಂಬ ಚಪ್ಪಾಳೆ. ಖೋಕನ್‌ದಾ ಅವನನ್ನು ತಬ್ಬಿಕೊಂಡರು. ನವಿಲು ಮತ್ತೆ ಗರಿ ಬಿಚ್ಚಿತು. ಶೋಭಾ ಒಂದು ದೊಡ್ಡ ಪಾತ್ರೆಯಲ್ಲಿ ಚಹಾ ಕುದಿಸಿದಳು, ಹಾಲ್ದಾರ್ ಎರಡು ಕಪ್ ಕುಡಿದು ಹೋದರು.

ಹೀಗೆ ಮಾನ ಉಳಿಯಿತು, ಮಾಳಿಗೆ ಹೋಯಿತು. ಪೂಜೆ ಮುಗಿದಮೇಲೆ ಸಂಜೆಯಾದರೆ ಸಾಕು, ಗೆಲಾಕ್ಸಿ ನೋಡಲು ಓಣಿಯೇ ಶರಣಪ್ಪನ ಮಾಳಿಗೆಗೆ ಬರತೊಡಗಿತು. ಚಾಪೆ, ಚಹಾ, ಅಡ್ಡಾ ಎಂಬ ಹರಟೆ. ದುರ್ಬೀನು ಭಾದುರಿ ಬಾಬು ಅವರ ಕೈಯಲ್ಲಿ. ಹೊಸಬರು ಬಂದರೆ ಅವರೇ ತೋರಿಸುತ್ತಿದ್ದರು, ಮೋಡವಿರಲಿ, ಹೊಗೆಯಿರಲಿ; ಬಂದವರಲ್ಲಿ ಒಬ್ಬರಿಗೂ ಕಾಣದೇ ಹೋದದ್ದಿಲ್ಲ. ಶರಣಪ್ಪ ಮೂಲೆಯಲ್ಲಿ ಕೂತು ಹಲ್ಲು ಕಡಿಯುತ್ತಿದ್ದ. ತನ್ನದೇ ದುರ್ಬೀನನ್ನು ತಾನು ಕೇಳಿದರೆ, “ನೀವು ದಿನಾ ನೋಡುವವರು, ಬೇರೆಯವರಿಗೆ ಬಿಡಿ,” ಎನ್ನುತ್ತಿದ್ದರು.

ದೀಪಾವಳಿಯ ಹೊತ್ತಿನ ಕಾಳಿಪೂಜೆ ಮುಗಿದ ಮರುವಾರ ಕೊಲ್ಲಿಯಿಂದ ಎದ್ದ ಗಾಳಿಮಳೆ ಒಂದು ಇಡೀ ದಿನ ಬಡಿದು ಆಕಾಶವನ್ನು ತೊಳೆದಿಟ್ಟಿತು. ಅಷ್ಟರಲ್ಲಿ ನವಿಲನ್ನೂ ಬಿಚ್ಚಿ ಲಾರಿಯಲ್ಲಿ ಒಯ್ದಿದ್ದರು. ಆ ಸಂಜೆ ಎಲ್ಲರೂ ಝಾಲ್‌ಮುಡಿಯ ಸುತ್ತ ಕೂತಿದ್ದಾಗ ದುರ್ಬೀನು ಒಂದು ಕ್ಷಣ ಚಾಪೆಯ ಮೇಲೆ ಅನಾಥವಾಗಿ ಬಿದ್ದಿತ್ತು. ಶರಣಪ್ಪ ಎತ್ತಿಕೊಂಡ. ಉತ್ತರಾಭಾದ್ರಾ ಈಗ ಕಟ್ಟಡವನ್ನು ಬಿಟ್ಟು ಬಹಳ ಮೇಲೇರಿತ್ತು. ಒಂದು ಚುಕ್ಕೆ, ಎರಡು ಚುಕ್ಕೆ, ಎಡಕ್ಕೆ. ದೃಷ್ಟಿಯನ್ನು ಸ್ವಲ್ಪ ಪಕ್ಕಕ್ಕೆ ಸರಿಸಿದ.

ಅಲ್ಲಿತ್ತು. ಹಲಗೆಯ ಮೇಲೆ ಬೆರಳಿನಿಂದ ಅರ್ಧ ಅಳಿಸಿದ ಸೀಮೆಸುಣ್ಣದ ಗುರುತಿನಷ್ಟು ಮಸುಕು. ಬಣ್ಣವಿಲ್ಲ, ತೋಳಿಲ್ಲ, ತಿರುಗುತ್ತಿಲ್ಲ. ಶರಣಪ್ಪನ ಇಷ್ಟು ದಿನದ ಸಿಟ್ಟು ಎಲ್ಲಿ ಹೋಯಿತೋ, ಮಗುವಿನಂತೆ ಕೂಗಿದ. “ಸಿಕ್ಕತು! ಖರೇನ ಸಿಕ್ಕತು! ಬರ್ರಿ, ನೋಡ್ರಿ, ಇಲ್ಲೈತಿ!”

ಭಾದುರಿ ಬಾಬು ಬಂದು ನೋಡಿದರು. ಖೋಕನ್‌ದಾ ನೋಡಿದರು. ಇಬ್ಬರೂ ಮುಖ ಮುಖ ನೋಡಿಕೊಂಡರು.

“ಇದೋ?” ಎಂದರು ಖೋಕನ್‌ದಾ. “ಇದೇನೋ ಕೊಳೆ. ಗಾಜು ಒರೆಸಿ.”

“ಇದಲ್ಲ ಶರಣ್ ಬಾಬು,” ಎಂದರು ಪ್ರೊಫೆಸರು, ಮರುಕದಿಂದ. “ಅದು ನಮ್ಮ ಕಟ್ಟಡದ ಮೇಲೆ ಇರೋದು. ಎಲ್ಲರೂ ನೋಡಿದ್ದಾರೆ, ಪೊಲೀಸರೂ ನೋಡಿದ್ದಾರೆ. ಅಷ್ಟು ದೊಡ್ಡದು, ಅಷ್ಟು ಬಣ್ಣ. ಇದು ಅದರ ಕಾಲ ಧೂಳಿಗೂ ಸಮ ಅಲ್ಲ.”

ಚಾಪೆಯ ಮೇಲಿದ್ದವರೂ ಒಬ್ಬೊಬ್ಬರಾಗಿ ನೋಡಿ, ಇದಲ್ಲ ಎಂದು ಬಹುಮತದಿಂದ ತೀರ್ಮಾನಿಸಿದರು. ಶರಣಪ್ಪನ ಬಾಯಿಯ ತುದಿಗೆ ಆ ಹಳೆಯ ಶಬ್ದ ಬಂದು ನಿಂತಿತು. ಸುಳ್ಳು ಎಂದುಬಿಟ್ಟರೆ ಆವತ್ತಿನದೂ ಸುಳ್ಳು ಆಗುತ್ತಿತ್ತು. ಆವತ್ತಿನದು ಸುಳ್ಳಾದರೆ ಹಾಲ್ದಾರ್ ಮತ್ತೆ ಟೋಪಿ ಮಡಿಲಲ್ಲಿಟ್ಟುಕೊಂಡು ಕೂರುತ್ತಿದ್ದರು. ಅವನು ಬಾಯಿ ಮುಚ್ಚಿದ.

ಚಳಿ ಏರಿತೆಂದು ಎಲ್ಲರೂ ಚಾಪೆ ಮಡಚಿ ಇಳಿಯತೊಡಗಿದರು. ಶರಣಪ್ಪ ಮಾತ್ರ ದುರ್ಬೀನು ಹಿಡಿದು ನಿಂತೇ ಇದ್ದ. ಸಿಟ್ಟಿಗೆ ಕೈ ನಡುಗಿ ಆ ಕಲೆಯೂ ನಡುಗುತ್ತಿತ್ತು. ಶೋಭಾ ಬಂದು ಅವನ ಮೊಣಕೈಯ ಕೆಳಗೆ ತನ್ನ ಹೆಗಲು ಕೊಟ್ಟಳು. ಕಲೆ ನಿಂತಿತು.

ಮೆಟ್ಟಿಲಿನಿಂದ ಭಾದುರಿ ಬಾಬು ಕೂಗಿದರು, “ಏನು ಶರಣ್ ಬಾಬು, ಇನ್ನೂ ನೋಡ್ತಿದ್ದೀರಾ? ಏನಾದರೂ ಕಂಡಿತೇ?”

ಕಂಡಿತು ಎಂಬ ಶಬ್ದವನ್ನು ಕೇಳಿದರೆ ಸಾಕು, ಶರಣಪ್ಪನಿಗೆ ಮೈ ಉರಿಯುತ್ತಿತ್ತು. ಕಣ್ಣು ತೆಗೆಯದೆ, ಇಡೀ ಗೆಲಾಕ್ಸಿಯನ್ನು ಎದುರಿಗಿಟ್ಟುಕೊಂಡು, ಗಟ್ಟಿಯಾಗಿ ಹೇಳಿದ.

“ಇಲ್ಲ ದಾದಾ. ಏನೂ ಕಾಣಲಿಲ್ಲ.”

“ಬೇಜಾರಾಗಬೇಡಿ,” ಎಂದರು ಭಾದುರಿ ಬಾಬು, ಇಳಿಯುತ್ತಲೇ. “ಅಭ್ಯಾಸ ಬೇಕು. ಒಂದಲ್ಲ ಒಂದು ದಿನ ನಿಮಗೂ ಕಾಣುತ್ತೆ.”